ಎಂಬತ್ತಕ್ಕೇ ನೂರು

೯ ಫೆಬ್ರವರಿ

ಅಮ್ಮಾ,

ಎರಡು ವರ್ಷದಿಂದ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನನ್ನೂ ಬರೆಯದ ಮಗಳು ಇದ್ದಕ್ಕಿದ್ದ ಹಾಗೆ ಇಷ್ಟುದ್ದದ ಮೇಲ್ ಕಳಿಸಿದ್ದಾಳೆಂದು ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಜಗಳ ಆಡಲು ಬಂದಿದ್ದೇನೆ, ಅಷ್ಟೇ.

ಫೋನಿನಲ್ಲಿ ಮಾತಾಡೋಣವೆಂದರೆ ಐದನೇ ಮಾತಿಗೆ ಇಬ್ಬರಿಗೂ ಕೋಪ ಮೂಗಿನ ತುದಿಗೆ ಬಂದು ಕೂರುತ್ತದೆ. ಕೆಲಸದ ಆನ್‌ಲೈನ್ ಬೋರ್ಡಿನಲ್ಲಿ ಬರೆದರೆ ಲೋಕವೆಲ್ಲ ಓದುತ್ತದೆ. ಅಲ್ಲಿ ನಾನು ‘ಮಾನ್ಯ ಮೇಲ್ವಿಚಾರಕರೇ’ ಅನ್ನಬೇಕು, ನೀನು ‘ತಮ್ಮ ದೂರು ತಲುಪಿದೆ’ ಅನ್ನಬೇಕು. ಅದಕ್ಕೇ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆಯ ಕಥೆಯನ್ನು ಗೆಳತಿಯರಿಗೆ ನಾನು ಹೀಗೆ ಹೇಳುತ್ತಿರುತ್ತೇನೆ: ಫೋನಿನೊಳಗೆ ಕೂತು ನಮ್ಮ ಕೋಡನ್ನು ಓದಿ ಓಡಿಸುವ ರನ್‌ಟೈಮ್ ಇದೆಯಲ್ಲ, ಆ ಎಂಜಿನ್ ನಮ್ಮಮ್ಮನದು. ಅದರ ಮೇಲೆ ಕಂಬ ನೆಟ್ಟು, ಆ್ಯಪ್ ಕಟ್ಟುವವರಿಗೆ ಗುಂಡಿ, ಪರದೆ, ಚಿತ್ರ, ದನಿ ಎಲ್ಲವನ್ನೂ ಸಿದ್ಧ ಮಾಡಿ ಕೊಡುವ ಫ್ರೇಮ್‌ವರ್ಕ್ ನನ್ನದು, ಹೆಸರು ‘ಚಪ್ಪರ’. ಅಂದರೆ ನಾನು ಎಷ್ಟೇ ದೂರ ಓಡಿಹೋಗಿದ್ದರೂ ಅಮ್ಮನ ತಲೆಯ ಮೇಲೇ ಕೂತಿದ್ದೇನೆ ಎಂದರ್ಥ!

ನಿನ್ನೆ ನಿಮ್ಮ ಹೊಸ ಆವೃತ್ತಿಯ ಮುನ್ನೋಟವನ್ನು ಇಳಿಸಿಕೊಂಡು ಚಪ್ಪರವನ್ನು ಅದರ ಮೇಲೆ ಓಡಿಸಿದೆ. ಎಲ್ಲವೂ ತಡ. ಗುಂಡಿ ಒತ್ತಿದರೆ ತಡ, ಪರದೆ ಸರಿದರೆ ತಡ. ಪಕ್ಕದಲ್ಲಿ ಕೂರುವ ಗುಂಗುರು (ಕೂದಲಿನಿಂದ ಬಂದ ಹೆಸರು, ಒಳ್ಳೆಯ ಹುಡುಗ, ಕೆಲಸದಲ್ಲಿ ಹುಲಿ) “ಏನಕ್ಕಾ ಇದು, ಆಕಳಿಸ್ಕೊಂಡು ಕೆಲಸ ಮಾಡ್ತಿದೆ!” ಅಂದ.

ಕಾರಣ ಸಿಕ್ಕಿತು. ನಿಮ್ಮ ಎಂಜಿನ್ನಿನ ಹಳೇ ಚಾಳಿ ನಿನಗೇ ಗೊತ್ತು. ನೂರು ಎಣಿಸಿ ಕೂಗು ಎಂದು ಅದರ ಟೈಮರಿಗೆ ಹೇಳಿದರೆ, ಅವಸರದ ಪ್ರಾಣಿ, ಎಂಬತ್ತಕ್ಕೇ ನೂರೆಂದು ಕೂಗಿಬಿಡುತ್ತದೆ. ಅದಕ್ಕೇ ನಾನು ಚಪ್ಪರದಲ್ಲಿ ಒಂದು ಉಪಾಯ ಮಾಡಿದ್ದೆ: ನೂರು ಬೇಕಾದಾಗ ನೂರಿಪ್ಪತ್ತೈದು ಕೇಳುವುದು. ಅದು ಅವಸರಪಟ್ಟು ಸರಿಯಾಗಿ ನೂರಕ್ಕೆ ಕೂಗುತ್ತಿತ್ತು. ಥೇಟ್ ನಮ್ಮ ಅಡುಗೆಮನೆ ಗಡಿಯಾರ! ನೀನು ಕೆಲಸಕ್ಕೆ ತಡವಾಗಿ ಹೋಗಬಾರದೆಂದು ಅಪ್ಪ ಅದನ್ನು ಮುಂದೆ ಇಟ್ಟರು. ನಿನಗೆ ಅದು ಗೊತ್ತಾಗಿ ನೀನು ಅಷ್ಟು ನಿಮಿಷವನ್ನು ಮನಸ್ಸಿನಲ್ಲೇ ಕಳೆದು ನೋಡತೊಡಗಿದೆ. ನಾನೂ ಕಳೆದೆ, ಅಜ್ಜಿಯೂ ಕಳೆದಳು. ಎಲ್ಲರೂ ಸಮಯಕ್ಕೆ ಸರಿಯಾಗಿ ಬದುಕಿಕೊಂಡು ಬಂದೆವು.

ಈಗ ನಿಮ್ಮವರು ಯಾರೋ ಗಡಿಯಾರವನ್ನು ಸರಿ ಮಾಡಿಬಿಟ್ಟಿದ್ದಾರೆ. ನಾನು ನೂರಿಪ್ಪತ್ತೈದು ಕೇಳಿದರೆ ಅದು ಬಲು ನಿಯತ್ತಿನಿಂದ ನೂರಿಪ್ಪತ್ತೈದಕ್ಕೇ ಕೂಗುತ್ತದೆ. ಸರಿ ಮಾಡಿದ್ದಕ್ಕೇ ಎಲ್ಲ ಕೆಟ್ಟಿದೆ!

ಆಟದ ಆ್ಯಪ್ ಆಗಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಅಜ್ಜಿಯ ‘ಮಾತಿನ ಹಲಗೆ’ ಆ್ಯಪ್ ಚಪ್ಪರದ ಮೇಲೆ ನಿಂತಿದೆ. ಪಾರ್ಶ್ವವಾಯು ಬಡಿದು ಬಾಯಿ ನಿಂತ ಮೇಲೆ ಅವಳು ಆಡುವ ಒಂದೊಂದು ಮಾತೂ ಆ ಹಲಗೆಯಿಂದ ಬರುತ್ತದೆ. ಚಿತ್ರದ ಮೇಲೆ ಬೆರಳಿಟ್ಟರೆ, ಬೆರಳು ನಡುಗಿದರೂ ಕ್ಷಮಿಸಿ, ಸ್ವಲ್ಪ ಹೊತ್ತು ಕಾದು ಫೋನು ಆ ಪದವನ್ನು ಹೇಳುತ್ತದೆ. ಆ ಕಾಯುವಿಕೆಯೇ ಟೈಮರು. ಬೆರಳು ನಡುಗಿದಾಗಲೆಲ್ಲ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುವುದರಿಂದ, ಕಾಲು ಭಾಗ ಹೆಚ್ಚಾದರೂ ಅವಳಿಗೆ ಅದು ಎಷ್ಟೋ ಪಟ್ಟು ತಡವಾಗುತ್ತದೆ. ಅವಳ ಹಾಗೆ ಎಷ್ಟು ಜನ ಆ ಹಲಗೆಯಿಂದ ಮಾತಾಡುತ್ತಾರೋ! ಜೂನ್ ಮೊದಲ ವಾರ ಎಲ್ಲರ ಫೋನಿಗೂ ನಿಮ್ಮ ಹೊಸ ಎಂಜಿನ್ ತಾನಾಗಿಯೇ ಇಳಿಯುತ್ತದೆ. ಅಷ್ಟರೊಳಗೆ ಇದು ಸರಿಹೋಗದಿದ್ದರೆ ಅವರೆಲ್ಲರ ಮಾತೂ ತಡವಾಗುತ್ತದೆ.

ಬೋರ್ಡಿನಲ್ಲಿ ಈಗಷ್ಟೇ ಬರೆದು ಬಂದೆ: ‘ಟೈಮರನ್ನು ಮುಟ್ಟಿದ ಮಹಾನುಭಾವರು ಯಾರು? ಅದರ ಮೇಲೆ ನಿಂತವರ ಬಗ್ಗೆ ಒಂದು ಕ್ಷಣವಾದರೂ ಯೋಚಿಸಿದ್ದಾರೆಯೆ?’ ಹೆಸರು ಹೇಳು ಅಮ್ಮ. ಕಿವಿ ಹಿಂಡುವ ಕೆಲಸ ನಾನು ಮಾಡುತ್ತೇನೆ.

ಇತಿ, ಕೋಪದಲ್ಲಿರುವ
ನಿನ್ನ ಮಗಳು

*

೧೧ ಫೆಬ್ರವರಿ

ಪುಟ್ಟೀ,

ಮೇಲ್ ಎರಡು ಸಲ ಓದಿದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ ಅನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನಂಬಿದೆ.

ಯಾವ ಬದಲಾವಣೆಯನ್ನು ಯಾರು ಬರೆದರು ಎಂಬುದು ಕೋಡಿನ ಪಕ್ಕದಲ್ಲೇ ನಮೂದಾಗಿರುತ್ತದೆ. ಒಂದು ಸಲ ತಿರುಗಿಸಿ ನೋಡುವ ತಾಳ್ಮೆ ನಿನಗೆ ಚಿಕ್ಕಂದಿನಿಂದಲೂ ಇಲ್ಲ. ಕೂತುಕೋ. ನೀರು ಕುಡಿ.

ಆ ಮಹಾನುಭಾವಳು ನೀನೇ.

ನೀನು ನನ್ನ ತಂಡದಲ್ಲಿದ್ದಾಗ ಟೈಮರನ್ನು ಸರಿಮಾಡಿ ತಂದಿದ್ದೆಯಲ್ಲ, ನಾನು ‘ಬೇಡ’ ಎಂದು ಮುಚ್ಚಿದೆನಲ್ಲ, ನೀನು ಚೀಲ ಹೆಗಲಿಗೇರಿಸಿಕೊಂಡು ಬಾಗಿಲನ್ನು ಧಡಾರೆಂದು ಎಳೆದುಕೊಂಡು ಹೋದೆಯಲ್ಲ, ಅದೇ ಬದಲಾವಣೆ. ಒಂದಕ್ಷರ ತಿದ್ದದೆ ನಿನ್ನ ಹೆಸರಿನಲ್ಲೇ ಸೇರಿಸಿದ್ದೇನೆ. ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಒಂದು ದಿನ ನೀನೇ ನೋಡುತ್ತೀಯ, ನೋಡಿದಾಗ ಖುಷಿಪಡುತ್ತೀಯ ಅಂದುಕೊಂಡು ಸುಮ್ಮನಿದ್ದೆ. ಕಿವಿ ಹಿಂಡುತ್ತೇನೆ ಅಂದುಕೊಂಡಿರಲಿಲ್ಲ.

ಬೋರ್ಡಿನಲ್ಲಿ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಬೇಗ ಹೋಗಿ ಅಳಿಸಿಕೊಂಡರೆ ಸ್ವಲ್ಪ ಮರ್ಯಾದೆ ಉಳಿದೀತು. ಅಪ್ಪ ಕೇಳಿದರೆಂದು ಹೇಳಲು ಹೇಳಿದ್ದಾರೆ.

ಅಮ್ಮ

*

೧೨ ಫೆಬ್ರವರಿ

ಅಮ್ಮಾ,

ನಾನಾ? ನಾನೇನಾ?!

ಅಳಿಸಲು ಓಡಿದೆ, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ನನ್ನ ಪ್ರಶ್ನೆಯ ಕೆಳಗೆ ನನ್ನದೇ ಹೆಸರು ಬರೆದು ಮೂರು ನಗುಮುಖ ಅಂಟಿಸಿದ್ದರು. ಈಗ ಅದರ ಕೆಳಗೆ ನಗುಮುಖಗಳ ಜಾತ್ರೆಯೇ ನೆರೆದಿದೆ. ಗುಂಗುರು ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಎದ್ದವನು ಬಂದು ನನ್ನ ಕಿವಿಯನ್ನು ನನ್ನ ಕೈಯಿಂದಲೇ ಹಿಂಡಿಸಿದ. ನಾಚಿಕೆಯಿಂದ ಮುಖ ಎಲ್ಲಿಟ್ಟುಕೊಳ್ಳಲಿ ಗೊತ್ತಾಗದೆ ಮೇಜಿನ ಕೆಳಗೆ ಬಿದ್ದ ಪೆನ್ನನ್ನು ಬಹಳ ಹೊತ್ತು ಹುಡುಕಿದೆ. ಪೆನ್ನು ಬಿದ್ದೇ ಇರಲಿಲ್ಲ.

ಖುಷಿಯಾಯಿತಮ್ಮ. ಹೇಳದೆ ಇರಲಾರೆ. ಆ ಸಾಲುಗಳನ್ನು ಮತ್ತೆ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದೆ!

ಆದರೂ ಅದನ್ನು ಹಿಂದಕ್ಕೆ ತೆಗೆ. ದಯವಿಟ್ಟು. ಅವತ್ತು ನೀನು ಹೇಳಿದ ಮಾತೇ ಸರಿ: “ತಪ್ಪೇ ಇರ್ಲಿ, ಅದನ್ನ ನಂಬ್ಕೊಂಡು ನಿಂತೋರು ಬೀಳ್ತಾರೆ.” ಬೀಳುತ್ತಿದ್ದಾರೆ. ಮೊದಲು ಬಿದ್ದವಳು ನಾನು.

ನಿನ್ನ, ಮಹಾನುಭಾವಳು

*

೨೦ ಫೆಬ್ರವರಿ

ಪುಟ್ಟೀ,

ತೆಗೆಯುವುದಿಲ್ಲ.

ಅವತ್ತು ಎಂಟು ಜನರ ಎದುರಿಗೆ ನನ್ನ ಮೇಜಿನ ಮುಂದೆ ನಿಂತು ನೀನು ಹೇಳಿದ್ದನ್ನೇ ನಿನಗೆ ಒಪ್ಪಿಸುತ್ತೇನೆ: “ತಪ್ಪು ಅಂತ ಗೊತ್ತಿದ್ದೂ ಹಾಗೇ ಇಟ್ಕೊಂಡ್ರೆ ಅದು ಕನಿಕರ ಅಲ್ಲಮ್ಮ, ಸೋಮಾರಿತನ.” ಕಚೇರಿಯಲ್ಲಿ ನನ್ನನ್ನು ಅಮ್ಮ ಎಂದು ಕರೆದದ್ದು ಅದೊಂದೇ ಸಲ. ಆ ಮಾತು ನನ್ನನ್ನು ಸುಮ್ಮನೆ ಬಿಡಲಿಲ್ಲ. ನೀನು ಹೋದ ಮೇಲೆ, ಆ ಕೆಟ್ಟ ಟೈಮರಿಗೆ ಹೊಂದಿಕೊಂಡು ಬದುಕುತ್ತಿದ್ದ ಫ್ರೇಮ್‌ವರ್ಕಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಿದೆ. ಬರೆದೆ, ಒಪ್ಪಿಸಿದೆ, ಅವರ ಕೋಡಿಗೆ ನಾನೇ ಕೈ ಹಾಕಿ ತಿದ್ದಿಕೊಟ್ಟೆ. ಎರಡು ವರ್ಷ ಹಿಡಿಯಿತು. ಒಬ್ಬರನ್ನು ಮಾತ್ರ ಕೇಳಲಿಲ್ಲ.

ಟೈಮರನ್ನು ಸರಿಮಾಡಿದವಳೇ ಅದರ ತಪ್ಪಿನ ಮೇಲೆ ಕಂಬ ನೆಟ್ಟಿರುತ್ತಾಳೆಂದು ನನಗೆ ಹೇಗೆ ಹೊಳೆಯಬೇಕು? ಅಮ್ಮ ಯಾವತ್ತೂ ಒಪ್ಪುವುದಿಲ್ಲ ಎಂದು ನೀನು ಲೆಕ್ಕ ಹಾಕಿದೆ. ಮಗಳು ಯಾವತ್ತೂ ತಪ್ಪಿಗೆ ಹೊಂದಿಕೊಳ್ಳುವವಳಲ್ಲ ಎಂದು ನಾನು ಲೆಕ್ಕ ಹಾಕಿದೆ. ಈ ಎಡವಟ್ಟು ನಮ್ಮ ಮನೆಯಲ್ಲಿ ಬಿಟ್ಟು ಬೇರೆಲ್ಲೂ ಆಗಲು ಸಾಧ್ಯವಿಲ್ಲ.

ಈಗ ನಿನ್ನ ಅಜ್ಜಿಯ ವಿಷಯ. ಅತ್ತೆಯವರಿಗೆ ಹಳೆಯ ಫೋನು ಹಾಗೇ ಇದೆ. ಮನೆಯಲ್ಲಿದ್ದ ಇನ್ನೊಂದಕ್ಕೆ ಹೊಸ ಎಂಜಿನ್ ಹಾಕಿ, “ಅತ್ತೇ, ಇದರಲ್ಲಿ ಮಾತಾಡಿ ನೋಡಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೇಳಿ” ಎಂದು ಕೊಟ್ಟಿದ್ದೆ. ಒಂದು ವಾರ ದೂರೇ ಇಲ್ಲ. ಆದರೆ ಡಬ್ಬಿಯಲ್ಲಿ ಸಕ್ಕರೆ ಕರಗುತ್ತಿತ್ತು. ಅವರಿಗೆ ಡಾಕ್ಟರು ಸಕ್ಕರೆ ನಿಲ್ಲಿಸಿ ವರ್ಷವಾಯಿತು.

ನಿನ್ನೆ ಬೆಳಿಗ್ಗೆ ಬಾಗಿಲ ಹಿಂದೆ ನಿಂತು ನೋಡಿದೆ. ಅಪ್ಪ “ಕಾಫಿ ಬೇಕೇನಮ್ಮ?” ಅಂದರು. ಅತ್ತೆ ‘ಬೇಕು’ ಮೇಲೆ ಬೆರಳಿಟ್ಟರು. ಫೋನು ಮೌನ. ಅಪ್ಪ ಕಾದು ಕಾದು, ಬೇಕೆಂದೇ ಅಂದುಕೊಂಡು ಲೋಟಕ್ಕೆ ಸುರಿದರು. “ಸಕ್ಕರೆ ಬೇಡ ತಾನೆ?” ಅಂದರು. ಆಗ ಫೋನು ಗಟ್ಟಿಯಾಗಿ “ಬೇಕು” ಅಂದಿತು! ಅಪ್ಪ ನಿಟ್ಟುಸಿರು ಬಿಟ್ಟು ಒಂದು ಚಮಚ ಹಾಕಿದರು. ಅತ್ತೆ ಕಿಟಕಿಯ ಹೊರಗೆ ಪಾರಿವಾಳ ನೋಡುತ್ತಿದ್ದರು.

“ಅತ್ತೇ, ಫೋನ್ ತಡವಾಗಿ ಮಾತಾಡ್ತಿದೆ ಅಂತ ನನಗ್ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ. ಬೆರಳಿಟ್ಟರು. ತುಸು ಹೊತ್ತಾದ ಮೇಲೆ ಫೋನು “ಚೆನ್ನಾಗಿದೆ” ಅಂದಿತು.

ನನ್ನ ಇಡೀ ವೃತ್ತಿಯಲ್ಲಿ ಇಂಥ ಪರೀಕ್ಷಕರನ್ನು ನೋಡಿಲ್ಲ. ಬೇಗ ಸರಿಮಾಡು.

ಅಮ್ಮ

*

೬ ಮಾರ್ಚ್

ಅಮ್ಮಾ, ಅಮ್ಮಾ, ಅಮ್ಮಾ!

ಅಜ್ಜಿಯ ಸಕ್ಕರೆ ಬಂದ್!

ಎಷ್ಟು ಸುಲಭವಿತ್ತು ಗೊತ್ತಾ? ನಾಲ್ಕೇ ಸಾಲು. ಚಪ್ಪರ ಎದ್ದ ಕೂಡಲೇ ಎಂಜಿನ್ನನ್ನು ಕೇಳುತ್ತದೆ: ನಿನ್ನ ಆವೃತ್ತಿ ಯಾವುದು? ಹೊಸದು ಅಂದರೆ ನೂರಕ್ಕೆ ನೂರೇ ಕೇಳು. ಹಳೆಯದು ಅಂದರೆ ಮಾಮೂಲಿ ನೂರಿಪ್ಪತ್ತೈದು. ಇಲ್ಲಿ ಎಂಟು ಬಗೆಯ ಫೋನುಗಳನ್ನು ಸಾಲಾಗಿ ಮಲಗಿಸಿ ಓಡಿಸಿದೆವು. ಎಲ್ಲವೂ ಒಂದೇ ಉಸಿರಿನಲ್ಲಿ “ನಮಸ್ಕಾರ” ಅಂದವು. ನಾನೂ ಗುಂಗುರುವೂ ಫೋನುಗಳಿಗೆಲ್ಲ ತಿರುಗಿ ನಮಸ್ಕಾರ ಮಾಡಿದೆವು. ನೆಲ ಒರೆಸಲು ಬಂದಾಕೆ ನಮ್ಮಿಬ್ಬರನ್ನೂ ನೋಡಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಹೋದರು.

ಹಲಗೆ ಕಟ್ಟಿದ ಮಾತಿನ ಟೀಚರಿಗೂ ಕಳಿಸಿದ್ದೇನೆ. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ಅವರ ಕೆಲಸ, ಕೋಡು ಅವರಿಗೆ ಅಷ್ಟಕ್ಕಷ್ಟೇ. ಚಪ್ಪರ ಇಲ್ಲದಿದ್ದರೆ ಆ ಹಲಗೆಯೇ ಇರುತ್ತಿರಲಿಲ್ಲ ಎಂದು ಬರೆದಿದ್ದಾರೆ. ಓದಿ ಎರಡಡಿ ಎತ್ತರವಾದೆ.

ಈಗ ನಿನ್ನ ಟೈಮರೂ ಸರಿ, ನನ್ನ ಚಪ್ಪರವೂ ಸರಿ. ನೋಡಿದೆಯಾ, ನಾವಿಬ್ಬರೂ ಒಂದೇ ಸಮಯಕ್ಕೆ ಸರಿಯಿರಲು ಸಾಧ್ಯವಿದೆ!

ಕುಣಿಯುತ್ತಿರುವ ಮಗಳು

*

೨ ಏಪ್ರಿಲ್

ಪುಟ್ಟೀ,

ಕುಣಿಯುವವಳನ್ನು ನಿಲ್ಲಿಸಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಕಳೆದ ವಾರ ಅತ್ತೆಯವರ ಹುಟ್ಟುಹಬ್ಬಕ್ಕೆ ಅಪ್ಪ ಹೊಸ ಫೋನು ತಂದುಕೊಟ್ಟರು. ದೊಡ್ಡ ಪರದೆ, ಚಿತ್ರಗಳು ದೊಡ್ಡದಾಗಿ ಕಾಣುತ್ತವೆ. ಹಲಗೆಯನ್ನು ಅದಕ್ಕೆ ಹಾಕಿದೆವು. ನಿನ್ನೆ ಅವರನ್ನು ಮಾಮೂಲಿ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ.

ಡಾಕ್ಟರು ಒಳ್ಳೆಯವರು. ಅವಸರವಿದ್ದರೂ ಬಗ್ಗಿ ಅತ್ತೆಯ ಮುಖ ನೋಡಿಯೇ “ಎಲ್ಲಾದ್ರೂ ನೋವಿದೆಯಾ ಅಮ್ಮ?” ಎಂದು ಕೇಳಿದರು. ಅತ್ತೆ ಬೆರಳಿಟ್ಟರು. ಅವರು ಕಾದರು. ಏನೂ ಬರಲಿಲ್ಲ. “ಭೇಷ್, ಚೆನ್ನಾಗಿದ್ದೀರಿ” ಎಂದು ಕೈ ತಟ್ಟಿದರು. ಮುಂದಿನವರು ಒಳಗೆ ಬಂದರು, ನಾನು ಗಾಲಿಕುರ್ಚಿಯನ್ನು ಹೊರಗೆ ತಳ್ಳಿದೆ. ಕಾರಿಡಾರಿನ ಮಧ್ಯೆ, ಖಾಲಿ ಬೆಂಚಿನ ಎದುರಿಗೆ, ಫೋನು “ನೋವು” ಅಂದಿತು. ಆಮೇಲೆ “ಭುಜ” ಅಂದಿತು.

ನಾನು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ ಒಳಗೆ ನುಗ್ಗಿದೆ. ಭುಜ ಸರಿದಿತ್ತು, ಪಟ್ಟಿ ಹಾಕಿದ್ದಾರೆ, ವಾಸಿಯಾಗುತ್ತದೆ. ಅದಕ್ಕೆ ಹೆದರಬೇಡ. ಆದರೆ ಖಾಲಿ ಬೆಂಚಿಗೆ ನೋವು ಹೇಳಿಕೊಂಡಾಗ ಅವರ ಮುಖ ಹೇಗಿತ್ತೆಂದು ನಾನು ಹೇಗೆ ಬರೆಯಲಿ? ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೇವೆ, ಬೇಕಾದಷ್ಟು ಜಗಳ ಆಡಿದ್ದೇವೆ. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ಮನೆಗೆ ಬಂದ ಮೇಲೆ ಫೋನನ್ನು ಬೋರಲು ಮಲಗಿಸಿಟ್ಟರು. ಇವತ್ತೂ ಮುಟ್ಟಿಲ್ಲ.

ಕಾರಣ ಪತ್ತೆ ಮಾಡಿದೆ. ನಮ್ಮ ಕೋಡು ಎಲ್ಲರಿಗೂ ತೆರೆದದ್ದು. ಆ ಫೋನು ತಯಾರಿಸಿದ ಕಂಪನಿಯವರು ನಿನ್ನ ಟೈಮರ್ ಬದಲಾವಣೆಯನ್ನು ಮೊದಲೇ ಎತ್ತಿಕೊಂಡು ತಮ್ಮ ಹಳೆಯ ಎಂಜಿನ್ನಿಗೆ ಸೇರಿಸಿಕೊಂಡಿದ್ದಾರೆ. ಆವೃತ್ತಿಯ ಸಂಖ್ಯೆಯನ್ನು ಮಾತ್ರ ಹಳೆಯದನ್ನೇ ಬಿಟ್ಟಿದ್ದಾರೆ. ನಿನ್ನ ಚಪ್ಪರ ಕೇಳುತ್ತದೆ, ಅದು ‘ನಾನು ಹಳಬ’ ಅನ್ನುತ್ತದೆ, ನೀನು ನಂಬಿ ನೂರಿಪ್ಪತ್ತೈದು ಕೇಳುತ್ತೀ. ಇನ್ನು ಯಾವ ಯಾವ ಕಂಪನಿಯವರು ಹೀಗೆ ಮಾಡಿದ್ದಾರೋ, ಮುಂದೆ ಮಾಡುತ್ತಾರೋ, ಯಾರಿಗೆ ಗೊತ್ತು?

ಬೆಳಿಗ್ಗೆಯಿಂದ ಯೋಚಿಸಿ ತೀರ್ಮಾನಕ್ಕೆ ಬಂದಿದ್ದೇನೆ. ನೀನು ಹೇಳಿದ ಹಾಗೆ ಬದಲಾವಣೆಯನ್ನು ಹಿಂದಕ್ಕೆ ತೆಗೆಯುತ್ತೇನೆ. ನಿನ್ನ ಹೆಸರಿನ ಕೆಲಸವೆಂದು ಹಟ ಹಿಡಿದಿದ್ದೆ, ನಿಜ ಹೇಳಬೇಕೆಂದರೆ. ಸಾಕು. ಅತ್ತೆಯವರ ಮಾತು ಅದಕ್ಕಿಂತ ದೊಡ್ಡದು.

ಅಮ್ಮ

*

೩ ಏಪ್ರಿಲ್

ಅಮ್ಮಾ,

ತೆಗೆಯಬೇಡ! ಕೈ ಮುಗಿಯುತ್ತೇನೆ, ಏನನ್ನೂ ಮುಟ್ಟಬೇಡ!

ನಿನ್ನ ಮೇಲ್ ಓದಿ ಅತ್ತುಬಿಟ್ಟೆ. ಅಜ್ಜಿ ಫೋನನ್ನು ಬೋರಲಿಟ್ಟಳು ಅನ್ನುವ ಸಾಲಿನ ಹತ್ತಿರ ಬಂದು ಬಂದು ನಿಲ್ಲುತ್ತಿದ್ದೆ. ಹಿಂದಕ್ಕೆ ತೆಗೆದರೂ ಆಗುವುದಿಲ್ಲವಲ್ಲ, ಆ ಕಂಪನಿಯ ಫೋನುಗಳು ಆಗಲೇ ಜನರ ಕೈಯಲ್ಲಿವೆ. ಗುಂಗುರು ಪ್ರತಿ ಫೋನಿನ ಹೆಸರು ಬರೆದು ಪಟ್ಟಿ ಮಾಡೋಣ ಅಂದ. ಪಟ್ಟಿ ಮುಗಿಯುವಷ್ಟರಲ್ಲಿ ಇನ್ನೂ ಹತ್ತು ಫೋನು ಹುಟ್ಟಿರುತ್ತವೆ ಅಂದೆ.

ಆಗ ಗುಂಗುರು ಸುಮ್ಮನೆ ಕೇಳಿದ, “ಅಕ್ಕಾ, ನಿಮ್ಮನೆ ಗಡಿಯಾರ ಮುಂದಿತ್ತು ಅಂತೀರಲ್ಲ, ನಿಮ್ಮಮ್ಮಂಗೆ ಅದು ಗೊತ್ತಾಗಿದ್ದು ಹೇಗೆ? ಅಪ್ಪ ಹೇಳಿದ್ರಾ?”

ಅಮ್ಮಾ, ನಾನು ಕುರ್ಚಿಯಿಂದ ಜಿಗಿದೆ! ಅಪ್ಪ ಹೇಳುತ್ತಾರೆಯೇ? ನಿನಗೆ ಯಾರೂ ಹೇಳಲಿಲ್ಲ, ನೀನು ಯಾರನ್ನೂ ಕೇಳಲೂ ಇಲ್ಲ. ಯಾರ ಮನೆಗೆ ಹೋದರೂ ನೀನು ಮೊದಲು ಗೋಡೆಯ ಗಡಿಯಾರ ನೋಡುತ್ತೀಯ, ಆಮೇಲೆ ನಿನ್ನ ಕೈಗಡಿಯಾರ ನೋಡುತ್ತೀಯ. ಚಿಕ್ಕವಳಿದ್ದಾಗ ನನಗೆ ನಾಚಿಕೆಯಾಗುತ್ತಿತ್ತು, ಬಂದ ಕೂಡಲೇ ಹೊರಡುವ ಆತುರ ಇವಳಿಗೆ ಎಂದು ಜನ ತಿಳಿಯುತ್ತಾರಲ್ಲ ಎಂದು!

ಫೋನಿನಲ್ಲೂ ಒಂದು ಕೈಗಡಿಯಾರ ಇದೆ. ಎಂಜಿನ್ನಿನ ಟೈಮರಲ್ಲ, ಅದರ ಕೆಳಗಿನ ಯಂತ್ರದ ಗಡಿಯಾರ. ಅದಕ್ಕೆ ಅವಸರವೂ ಇಲ್ಲ, ಸೋಮಾರಿತನವೂ ಇಲ್ಲ. ಹಾಗಾದರೆ ಚಪ್ಪರ ಆವೃತ್ತಿಯನ್ನು ಯಾಕೆ ಕೇಳಬೇಕು? ಎದ್ದ ಕೂಡಲೇ, ಮೊದಲ ಚಿತ್ರ ಪರದೆಗೆ ಬರುವಷ್ಟರಲ್ಲಿ, ಒಂದು ಪುಟ್ಟ ಟೈಮರ್ ಇಟ್ಟು ಕೈಗಡಿಯಾರದ ಜೊತೆ ಹೋಲಿಸಿ ನೋಡಿದರೆ ಆಯಿತು. ಮೊದಲೇ ಕೂಗಿತೇ? ಅಷ್ಟು ಕೂಡಿಸು. ಸರಿಯಾಗಿ ಕೂಗಿತೇ? ಏನೂ ಮಾಡಬೇಡ. ಅದು ತನ್ನನ್ನು ಹಳಬ ಅನ್ನಲಿ, ಹೊಸಬ ಅನ್ನಲಿ, ನಮಗೇನು?

ಬರೆದಿದ್ದೇನೆ, ಓಡುತ್ತಿದೆ. ಆದರೆ ಅಜ್ಜಿಯ ಬೆರಳಿನ ನಡುಕ ನನ್ನ ಬೆರಳಿಗೆ ಬರುವುದಿಲ್ಲ. ಎಷ್ಟು ನಟಿಸಿದರೂ ಬರುವುದಿಲ್ಲ. ಅವಳ ಪಕ್ಕ ಕೂತೇ ನೋಡಬೇಕು.

ಶನಿವಾರ ಮಧ್ಯಾಹ್ನದ ರೈಲಿಗೆ ಬರುತ್ತಿದ್ದೇನೆ. ಬರಲಾ ಎಂದು ಕೇಳುತ್ತಿಲ್ಲ.

ಪುಟ್ಟಿ

*

೨೬ ಏಪ್ರಿಲ್

ಪುಟ್ಟೀ,

ನೀನು ಬಿಟ್ಟುಹೋದ ಕಾಲುಚೀಲ ಒಗೆದಿಟ್ಟಿದ್ದೇನೆ. ಒಂದೇ ಇದೆ. ಇನ್ನೊಂದು ನಿನ್ನ ಕಾಲಿನಲ್ಲೇ ಇದ್ದರೆ ನೋಡಿಕೋ.

ನೀನಿದ್ದ ಹತ್ತು ದಿನ ಮನೆ ಮನೆಯಾಗಿರಲಿಲ್ಲ, ಮಾರುಕಟ್ಟೆಯಾಗಿತ್ತು. ಊಟದ ಮೇಜಿನ ಮೇಲೆ ವೈರು, ಸೋಫಾದ ಮೇಲೆ ಫೋನು. ಅತ್ತೆ ಮಧ್ಯದಲ್ಲಿ ರಾಣಿಯ ಹಾಗೆ ಕೂತು “ಬೇಗ”, “ತಡ”, “ಮತ್ತೆ”, “ದಡ್ಡಿ” ಎಂದು ನಮ್ಮಿಬ್ಬರಿಂದಲೂ ಚಾಕರಿ ಮಾಡಿಸಿಕೊಂಡರು. ‘ದಡ್ಡಿ’ ಚಿತ್ರ ಹಲಗೆಯಲ್ಲಿ ಮೊದಲು ಇರಲಿಲ್ಲ. ಅವರು ಕೇಳಿದರೆಂದು ನೀನು ಹಾಕಿಕೊಟ್ಟದ್ದು ನನಗೆ ಗೊತ್ತು. ಈಗ ದಿನಕ್ಕೆ ನಾಲ್ಕು ಸಲ ನನ್ನ ಮೇಲೆ ಪ್ರಯೋಗವಾಗುತ್ತಿದೆ. ಅದೂ ಒಂದಿಷ್ಟೂ ತಡವಿಲ್ಲದೆ, ನೇರ ಮುಖಕ್ಕೆ! ನಗು ಬರುತ್ತದೆ, ಬೈಸಿಕೊಂಡೂ ಖುಷಿಯಾಗುತ್ತದೆ.

ಇನ್ನೊಂದು ಅಪರಾಧ. ಹೊರಡುವ ಮುಂಚೆ ಅಡುಗೆಮನೆ ಗಡಿಯಾರವನ್ನು ನೀನು ಸರಿಯಾದ ಸಮಯಕ್ಕೆ ತಿರುಗಿಸಿ ಹೋಗಿದ್ದೀ. ಹೇಳಿ ಹೋಗಬಾರದಿತ್ತೇ? ನಾನು ಎಂದಿನಂತೆ ಅದರಲ್ಲಿ ಅಷ್ಟು ನಿಮಿಷ ಕಳೆದು ಲೆಕ್ಕ ಹಾಕಿಕೊಂಡು, ಆರಾಮಾಗಿ ತಲೆ ಬಾಚಿಕೊಂಡು ಹೋಗಿ, ಮೀಟಿಂಗಿಗೆ ಎಲ್ಲರಿಗಿಂತ ಕೊನೆಗೆ ತಲುಪಿದೆ. ಅಪ್ಪ ಬಸ್ಸು ತಪ್ಪಿಸಿಕೊಂಡರು. ಅತ್ತೆಗೆ ಕಾಫಿ ತಡವಾಯಿತು. “ದಡ್ಡಿ” ನನಗೇ ಬಂತು.

ಈಗ ಎಲ್ಲರೂ ಕೈಗಡಿಯಾರ ನೋಡಿಕೊಳ್ಳುತ್ತೇವೆ. ರೂಢಿಯಾಗುತ್ತಿದೆ.

ನಿನ್ನ ಅಳೆದು ನೋಡುವ ಉಪಾಯವನ್ನು ಸಾಲು ಸಾಲಾಗಿ ಓದಿದೆ. ಮೊದಲ ಪರದೆ ನಿಧಾನವಾಗುತ್ತದೆ ಎಂದು ತಗಾದೆ ತೆಗೆಯಲೆಂದೇ ಕೂತವಳು ತೆಗೆಯಲು ಏನೂ ಸಿಗದೆ ಎದ್ದೆ. ಬೋರ್ಡಿನಲ್ಲಿ ಬರೆದದ್ದನ್ನು ನೀನು ನೋಡಿರಬಹುದು. ನೋಡಿರದಿದ್ದರೆ ಇಲ್ಲೂ ಬರೆಯುತ್ತೇನೆ: ‘ಟೈಮರ್ ಬದಲಾವಣೆಯನ್ನು ಬರೆದವರಿಗೆ ಮೇಲ್ವಿಚಾರಕರ ಕೃತಜ್ಞತೆಗಳು. ಇದನ್ನು ಎರಡು ವರ್ಷ ಮೊದಲೇ ಹೇಳಬೇಕಿತ್ತು.’

ಸ್ಟೇಷನ್ನಿನಲ್ಲಿ ನಿನಗೆ ಒಂದು ಮಾತು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ರೈಲು ಹೊರಟಿತು. ಮಾತು ನಾಲಿಗೆಯ ಮೇಲೆ ಬಂದಾಗ ಎದುರಿಗೆ ಖಾಲಿ ಬೆಂಚಿತ್ತು. ಅತ್ತೆಯವರ ಮುಖ ನೆನಪಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ನಾನು ನಿನ್ನನ್ನು ಬಾಗಿಲು ಎಳೆದುಕೊಂಡು ಹೋದ ಆ ಹುಡುಗಿ ಎಂದೇ ಇಟ್ಟುಕೊಂಡು, ಅದಕ್ಕೆ ತಕ್ಕಷ್ಟು ಕೂಡಿಸಿ ಕಳೆದು ಮಾತಾಡುತ್ತಿದ್ದೆ. ಒಮ್ಮೆಯೂ ಹೊಸದಾಗಿ ನೋಡಲಿಲ್ಲ. ಈ ಹತ್ತು ದಿನ ನೋಡಿದೆ. ಬಹಳ ಹೆಮ್ಮೆಯಾಯಿತು.

ಇನ್ನು ಜೂನ್. ಹೆದರಿಕೆ ನನಗೂ ಇದೆ.

ಅಮ್ಮ

*

೪ ಜೂನ್, ಬೆಳಿಗ್ಗೆ

ಅಮ್ಮಾ,

ನಿನ್ನ ಏಪ್ರಿಲ್ ಮೇಲಿಗೆ ನಾನು ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಅಕ್ಷರ ಮಸುಕಾಗುತ್ತಿತ್ತು. ನಾನೂ ನಿನ್ನನ್ನು ಹಳೆಯ ಲೆಕ್ಕದಲ್ಲೇ ಇಟ್ಟಿದ್ದೆ, ಅಷ್ಟು ಸಾಕು.

ಶುರುವಾಗಿದೆ! ಗೋಡೆಯ ಪರದೆಯಲ್ಲಿ ನೋಡುತ್ತಿದ್ದೇವೆ, ನಿಮ್ಮ ಎಂಜಿನ್ ಫೋನು ಫೋನಿಗೆ ಇಳಿಯುತ್ತಿದೆ, ಚಪ್ಪರದ ಆ್ಯಪುಗಳು ಒಂದೊಂದಾಗಿ ಅದರ ಮೇಲೆ ಏಳುತ್ತಿವೆ. ಗುಂಗುರು ಉಗುರೆಲ್ಲ ಕಚ್ಚಿ ಮುಗಿಸಿ ನನ್ನ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಾನೆ. ದೂರು ಒಂದೂ ಇಲ್ಲ. ಮಾತಿನ ಟೀಚರು ಇದೀಗ ಫೋನು ಮಾಡಿದರು. ಅವರ ಬೆನ್ನ ಹಿಂದೆ ಕೊಠಡಿಯಲ್ಲಿ ಹಲಗೆಗಳು ಒಂದರ ಮೇಲೊಂದು ಹರಟುತ್ತಿದ್ದವು, ಅವರ ಮಾತೇ ನನಗೆ ಕೇಳಿಸಲಿಲ್ಲ. ಅಂಥ ಗಲಾಟೆಯನ್ನು ನಾನು ಜನ್ಮದಲ್ಲಿ ಕೇಳಿಲ್ಲ!

ಆದರೆ ದೂರಿಲ್ಲ ಎಂದರೆ ನನಗೆ ಈಗ ನಂಬಿಕೆಯಿಲ್ಲ, ಸಕ್ಕರೆ ತಿನ್ನುವವರು ಇರುತ್ತಾರೆ. ಅಜ್ಜಿಯ ಫೋನಿಗೆ ಬಂತಾ? ಅವಳು ಏನಂದಳು? ಬೇಗ ಬರೆ. ಯಾರ ಮಾತು ಕೇಳಿದರೂ ಅವಳದು ಕೇಳುವ ತನಕ ಕೂರಲಾರೆ.

ಪುಟ್ಟಿ

*

೪ ಜೂನ್

ಮಗು

ನಾನು ಅಜ್ಜಿ. ಹಲಗೆ ಬರೆಯುತ್ತೆ. ನಾನು ಬೆರಳು.

ಫೋನ್ ಹೊಸದು ಆಯಿತು. ಬೆಳಿಗ್ಗೆ. ನಿನ್ನಪ್ಪ ಕಾಫಿ ಕೇಳಿದ. ಬೇಕು. ಬೇಗ ಬಂತು. ಸಕ್ಕರೆ ಬೇಡ ತಾನೆ ಕೇಳಿದ. ಫೋನ್ ಸುಮ್ಮನೆ. ಸಕ್ಕರೆ ಇಲ್ಲ. ನಿನ್ನ ತಪ್ಪು. ದಡ್ಡಿ.

ಡಾಕ್ಟರ್ ಹೋದೆ. ನೋವು ಕೇಳಿದರು. ಇಲ್ಲ ಹೇಳಿದೆ. ಅವರು ಎದುರು ಇದ್ದಾಗ ಹೇಳಿದೆ. ಭುಜ ಚೆನ್ನಾಗಿದೆ ಹೇಳಿದೆ. ಇನ್ನೂ ಹೇಳಿದೆ. ತುಂಬ ಹೇಳಿದೆ. ಡಾಕ್ಟರ್ ಸಾಕು ಅಂದರು. ಖುಷಿ.

ನಿನ್ನಮ್ಮ ಪಕ್ಕ ಇದ್ದಾಳೆ. ನಿನ್ನ ಕಾಗದ ಓದಿದಳು. ಅಳು. ಖುಷಿ ಅಳು. ಪುಟ್ಟಿಗೆ ಹೇಳಬೇಡಿ ಅಂದಳು.

ನಾನು ಹೇಳಿದೆ.

ಅಜ್ಜಿ